ಅತ್ತೆಯ ಕೈಗೆ ನೆನಪಿತ್ತು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳು ಬುಡದಲ್ಲಿ ಹೊರಕ್ಕೆ ಬಾಗಿತ್ತು. ಹುಟ್ಟಿನಿಂದ ಬಂದ ಡೊಂಕಲ್ಲ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸುತ್ತಿನ ಹೆಂಗಸರ ಅಂಗೈಗಳನ್ನು ಅದುಮಿ ಅದುಮಿ, ಗೆಣ್ಣುಗಳನ್ನು ಒತ್ತಿ ಮಡಿಸಿ, ಗಾಜಿನ ಬಳೆ ಜಾರಿಸಿ ಜಾರಿಸಿ ಬಂದ ಡೊಂಕು. ಬೆರಳ ತುದಿಗಳ ತುಂಬ ಗಾಜು ಗೀರಿದ ಸಣ್ಣ ಬಿಳಿ ಗೆರೆಗಳಿದ್ದವು. ಅಂಗೈ ಮಾತ್ರ ಬೆಣ್ಣೆ. ಒರಟು ಕೈಯವಳ ಹತ್ತಿರ ಯಾರು ಬಳೆ ಇಡಿಸಿಕೊಳ್ಳುತ್ತಾರೆ ಎಂದು, ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಒಂದು ದಿನವೂ ಮಲಗಿದವರಲ್ಲ. ಮಾವ ತೀರಿಕೊಂಡ ಮೇಲೆ ತಾವು ಗಾಜಿನ ಬಳೆ ಬಿಟ್ಟು ಎರಡು ತಾಮ್ರದ ಕಡಗ ಹಾಕಿಕೊಂಡಿದ್ದರು.

ಬಳೆ ಇಡುವಾಗ ಅವರದು ಒಂದೇ ಮಾತು: "ಕೈ ನಂಗೆ ಕೊಡು, ಬಾಯಿ ನೀನಿಟ್ಕ." ನೀನು ನಿನ್ನ ಪಾಡಿಗೆ ಮಾತಾಡುತ್ತಿರು ಎಂದು ಅದರರ್ಥ. ಬಳೆಯನ್ನೇ ನೋಡುತ್ತ ಕೂತವಳ ಕೈ ಬಿಗಿಯುತ್ತದೆ, ಮಾತಿಗೆ ಬಿದ್ದವಳ ಕೈ ಸಡಿಲವಾಗುತ್ತದೆ. ಮಗಳ ಬಾಣಂತನವೋ, ನಾದಿನಿಯ ಬಿಂಕವೋ, ಯಾರಿಗೆ ಯಾವುದರಲ್ಲಿ ಬಾಯಿ ಬರುತ್ತದೋ ಅದನ್ನೇ ಕೇಳುವರು. ಆಕೆ ನಗಲಿಕ್ಕೋ ಬೈಯಲಿಕ್ಕೋ ಶುರು ಮಾಡುವುದರೊಳಗೆ ಡಜನ್ ಬಳೆ ಮುಂಗೈಗೆ ಇಳಿದಿರುತ್ತಿದ್ದವು. ಕೊನೆಗೆ ಕೊಸರು ಎಂದು ಒಂದು ಬಳೆ ಪುಕ್ಕಟೆ. ಬಳೆ ಒಡೆದರೆ ಯಾರಿಗೂ "ಒಡೀತು" ಎನ್ನಲು ಬಿಡುತ್ತಿರಲಿಲ್ಲ. "ಹೆಚ್ಚಾತು ಅನ್ನವ್ವಾ" ಎಂದು ತಿದ್ದುವರು. ಒಡೆಯಿತು ಎನ್ನುವುದು ಅಶುಭವೆಂದು ನಮ್ಮ ಕಡೆ ಹೆಂಗಸರೆಲ್ಲ ಹಾಗೇ ಅನ್ನುವುದು, ದೊಡ್ಡ ಮಾತೇನಲ್ಲ. ಆದರೆ ಅಂಗಡಿಯಲ್ಲಿ ಯಾರಾದರೂ ಮರೆತು ಒಡೀತು ಎಂದರೆ ಅತ್ತೆಯ ಮುಖ ನಿಜಕ್ಕೂ ಸಪ್ಪಗಾಗುತ್ತಿತ್ತು.

ನನ್ನನ್ನು ನೋಡಲು ಜಗಳೂರು ತಾಲ್ಲೂಕಿನ ನಮ್ಮ ಬಿಳಿಚೋಡಿಗೆ ಬಂದಾಗಲೂ ಅವರು ಕೇಳಿದ್ದು ಕೈಯನ್ನೇ. ಜೊತೆಗೆ ಬಂದವರು ಎಷ್ಟು ಓದಿದ್ದೀಯಾ, ರೊಟ್ಟಿ ಬಡಿಯಲು ಬರುತ್ತಾ ಎಂದು ವಿಚಾರಣೆ ನಡೆಸುತ್ತಿದ್ದರೆ ಇವರು ಎದ್ದು ಬಂದು ನನ್ನ ಕೈ ಎತ್ತಿಕೊಂಡು ಗೆಣ್ಣು ಅದುಮಿದರು. "ಎರಡಾರು," ಎಂದರು. ಅದು ಬಳೆಯ ಅಳತೆ ಎಂದು ನನಗೇನು ಗೊತ್ತು? "ಗಟ್ಟಿ ಕೈ. ಕುರಿ ಕಾದೀಯೇನವ್ವಾ?"

ನನಗೆ ಉರಿದುಹೋಯಿತು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನನ್ನ ಕೈ ನೋಡುವುದೇನು! "ಹ್ಞೂಂ ರೀ, ಕಾದೀನಿ. ಟಗರಿನಂಗೆ ಗುದ್ದೋದೂ ಗೊತ್ತೈತೆ," ಅಂದುಬಿಟ್ಟೆ. ಬಾಗಿಲ ಹಿಂದೆ ನಮ್ಮವ್ವ ಹಣೆ ಚಚ್ಚಿಕೊಂಡಿತು. ಅತ್ತೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, "ನಡೀರಿ, ಮುಗೀತು. ಇವಳೇ ನಮ್ಮ ಸೊಸೆ," ಎಂದರು. ನನ್ನ ಬಾಯಿ ಜೋರು ಎಂದು ಗೊತ್ತಿದ್ದೇ ತಂದುಕೊಂಡರು. ಆಮೇಲೆ ಅದರ ಬಗ್ಗೆ ಒಂದು ಸಲವೂ ದೂರಲಿಲ್ಲ.

ಆಗ ನ್ಯಾಮತಿಯ ಅಂಗಡಿ ಇನ್ನೂ ಒಂದು ಬಾಗಿಲಿನ ಗೂಡು. ಅರ್ಧ ವ್ಯಾಪಾರ ಊರೂರಿಗೆ ಹೋಗಿ ಮಾಡುವುದು. ದಾರಕ್ಕೆ ಪೋಣಿಸಿದ ಬಳೆಯ ಗೊಂಚಲು, ನಾವು ಮಲಾರ ಎನ್ನುವುದು, ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿಬಿಡುವರು, ಹಿಂದೆ ನಾನು ಇನ್ನೊಂದು ಗಂಟು ಹೊತ್ತುಕೊಂಡು. ರಂಜಾನಿಗೆ ಮುಂಚೆ ಕೆರೆಬಿಳಚಿಗೆ ಹೋದರೆ ಮಲಾರ ಖಾಲಿ ಮಾಡಿಕೊಂಡೇ ವಾಪಸ್ಸು. ಸೂರಗೊಂಡನಕೊಪ್ಪದ ಜಾತ್ರೆಗೆ ಬರುವ ಲಂಬಾಣಿ ತಾಂಡಾದ ಹೆಂಗಸರು ಅವರನ್ನು ತಮ್ಮ ಮಾತಿನಲ್ಲಿ ಯಾಡಿ ಎಂದು, ಅಂದರೆ ಅವ್ವ ಎಂದು ಕರೆಯುತ್ತಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾವಾಗಲೂ ನನಗೆ. ತವರಿನ ಕಡೆ ಮುಖ ಮಾಡಿಕೊಂಡು ಕೂರಲಿ ಪಾಪ ಎಂದು ಕಂಡಕ್ಟರನಿಗೆ ಹೇಳುವರು. ಆ ಬಸ್ಸು ಹೋಗುತ್ತಿದ್ದದ್ದು ಬಿಳಿಚೋಡಿನ ಕಡೆಗಲ್ಲ, ಅದು ಬೇರೆ ಮಾತು.

ಮದುವೆಯಾದ ಮೇಲೆ ನನಗೆ ಒಂದು ಬಸಿರು ಇಳಿದುಹೋಯಿತು. ಅದಾಗಿ ಸ್ವಲ್ಪ ದಿನಕ್ಕೆ, ಮಾವ ಇನ್ನೂ ಇದ್ದಾಗ, ಹೊನ್ನಾಳಿಯ ಒಂದು ದೊಡ್ಡ ಮನೆಯಲ್ಲಿ ಸೀಮಂತಕ್ಕೆ ಬಳೆ ಇಡಲು ಅತ್ತೆಯನ್ನು ಕರೆದಿದ್ದರು. ನಾನೂ ಹೋಗಿದ್ದೆ. ಆ ಮನೆಯ ಹಿರಿಯಾಕೆ ಅತ್ತೆಯ ಕಿವಿಯ ಹತ್ತಿರ ಬಾಗಿ, ನನಗೂ ಕೇಳುವ ಹಾಗೆ, "ಸೊಸೇನ ಹೊರಗೆ ಕೂರಿಸ್ರಿ, ಬಸುರಿ ಕೈ ಮುಟ್ಟೋದು ಬ್ಯಾಡ," ಎಂದರು. ಅತ್ತೆ ಜಗಳ ಆಡಲಿಲ್ಲ. ಬಿಚ್ಚಿದ ಮಲಾರವನ್ನು ಮತ್ತೆ ಕಟ್ಟಿದರು. "ನನ್ನ ಸೊಸೆ ಕೈ ಬ್ಯಾಡ ಅಂದ್ರೆ ನನ್ನ ಬಳೇನೂ ಬ್ಯಾಡ ಬಿಡ್ರಿ," ಎಂದು ನನ್ನ ಕೈ ಹಿಡಿದು ಎಬ್ಬಿಸಿದರು. ಬಸ್ ಸ್ಟ್ಯಾಂಡಿನವರೆಗೂ ಆ ಕೈ ಬಿಡಲಿಲ್ಲ. ನಾನು, "ಅತ್ತೆ, ಜನ ನೋಡ್ತಾರೆ," ಅಂದರೆ, "ನೋಡ್ಲಿ, ಕಣ್ಣು ಇರೋದೇ ನೋಡಾಕೆ," ಎಂದರು.

ಅಂಥವರ ಕೈಗೆ ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಹೇಳದೆ ಅವರ ಚಿತ್ರ ಬರೆಯಲು ಬರುವುದಿಲ್ಲ.

ಕೆಲವು ವರ್ಷದ ಹಿಂದೆ ಅವರಿಗೆ ಮೆದುಳು ಜ್ವರ ಬಂತು. ದಾವಣಗೆರೆಯ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಎದ್ದಾಗ ನಮ್ಮನ್ನೆಲ್ಲ ಗುರುತಿಸಿದರು, ಮಗನಿಗೆ ಬೆಳಗಿನ ತಿಂಡಿ ಆಯಿತಾ ಎಂದರು. ನಾವು ಗೆದ್ದೆವು ಅಂದುಕೊಂಡೆವು. ಅವರು ಮತ್ತೆ ತಿಂಡಿ ಆಯಿತಾ ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ. ಡಾಕ್ಟರು ನಮ್ಮನೆಯವರನ್ನೂ ನನ್ನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಮಿದುಳಿನೊಳಗೆ ಎರಡೂ ಕಿವಿಗಳ ನೇರಕ್ಕೆ ಒಂದೊಂದು ಪುಟ್ಟ ಜಾಗ ಇದೆ. ಇವತ್ತು ಆದದ್ದನ್ನ ನಾಳೆಗೆ ದಾಟಿಸೋದು ಅದು. ಜ್ವರ ಅದನ್ನೇ ಹಾಳು ಮಾಡಿದೆ. ಹಳೇದೆಲ್ಲ ಇದೆ, ಹೊಸದು ನಿಲ್ಲಲ್ಲ. ಒಂದು ಕಾಫಿ ಕುಡಿಯೋಷ್ಟು ಹೊತ್ತು ಇರುತ್ತೆ, ಹೋಗುತ್ತೆ."

ನಾನು ಅಷ್ಟು ಕೇಳಿಸಿಕೊಂಡು ಬಸ್ಸಿನ ಹೊತ್ತಾಯಿತೆಂದು ಬ್ಯಾಗು ಜೋಡಿಸಲು ಎದ್ದಿದ್ದೆ. ಡಾಕ್ಟರು ಇನ್ನೂ ಹೇಳುತ್ತಿದ್ದರು. "ಆದರೆ ಎಲ್ಲಾ ನೆನಪೂ ಅದೇ ದಾರೀಲಿ ಹೋಗಲ್ಲಮ್ಮ. ಕೈಗೆ ಹತ್ತೋ ಕೆಲಸ, ಹೆದರಿಕೆ, ಇಷ್ಟ, ಇವಕ್ಕೆ ಬೇರೆ ದಾರಿ ಇದೆ. ಅವು ಒಳಗೆ ಉಳೀತವೆ, ಉಳಿದಿವೆ ಅಂತ ಅವರಿಗೇ ಗೊತ್ತಾಗಲ್ಲ. ಅದಕ್ಕೇ ಮರೀತಾರೆ ಬಿಡು ಅಂತ ಏನೂ ಅನ್ನಬೇಡಿ, ಮಾಡಬೇಡಿ." ನಮ್ಮನೆಯವರು ತಲೆಯಾಡಿಸಿದರು. ನಾನೂ ಹ್ಞೂಂ ಹ್ಞೂಂ ಎಂದೆ. ಮನಸ್ಸು ಮಾತ್ರ ಅಂಗಡಿಯಲ್ಲಿತ್ತು, ಬಾಗಿಲು ಹಾಕಿ ವಾರಗಳಾಗಿದ್ದವು.

ಡಾಕ್ಟರು ಹೇಳಿದ್ದು ಮನೆಯಲ್ಲೇ ಕಣ್ಣಿಗೆ ಬಿತ್ತು. ಬಚ್ಚಲ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದೆವು. ಪಕ್ಕಕ್ಕೆ ಎಳೆಯುವುದಲ್ಲ, ಮೇಲಕ್ಕೆ ಎತ್ತಿ ತಿರುಗಿಸುವುದು. ಮೊದಲ ದಿನಗಳಲ್ಲಿ ಅತ್ತೆ ಒಳಗೆ ಸಿಕ್ಕಿಹಾಕಿಕೊಂಡು ಕೂಗುವರು. ಬರಬರುತ್ತ ಕೈ ತಾನೇ ಎತ್ತಿ ತಿರುಗಿಸತೊಡಗಿತು. ಚಿಲಕ ಹೆಂಗೆ ತೆಗೀತೀರಿ ಅತ್ತೆ ಎಂದು ಕೇಳಿದರೆ, "ಯಾವ ಚಿಲಕ? ಎಲ್ಲರ ಮನೇಲಿರೋ ಚಿಲಕನೇ ಅಲ್ಲೇನು? ಪಕ್ಕಕ್ಕೆ ಎಳೀಬೇಕು," ಎನ್ನುವರು. ಎದ್ದು ಹೋಗಿ ಮೇಲಕ್ಕೆ ಎತ್ತುವರು. ಅಂಗಡಿಯಲ್ಲೂ ಅಷ್ಟೇ. ಬೆಳಿಗ್ಗೆ ತಿಂದದ್ದು ನೆನಪಿರುತ್ತಿರಲಿಲ್ಲ. ಒಂದು ಕೈ ಎದುರಿಗೆ ಬಂದರೆ ಸಾಕು, ಹೆಬ್ಬೆರಳು ಗೆಣ್ಣಿನ ಮೇಲೆ ಕೂತು, ಎರಡು ನಾಲ್ಕೋ ಎರಡು ಎಂಟೋ ಕರಾರುವಾಕ್ಕಾಗಿ ಬಾಯಿಗೆ ಬರುತ್ತಿತ್ತು.

ನಾನು ಇದನ್ನೊಂದು ತಮಾಷೆ ಮಾಡಿಕೊಂಡೆ. ಗಿರಾಕಿಗಳ ಮುಂದೆ, "ಅತ್ತೆ, ಬೆಳಿಗ್ಗೆ ಏನು ತಿಂದ್ರಿ?" ಎನ್ನುವುದು. ಅವರು, "ಇನ್ನೂ ಎಲ್ಲಿ ತಿಂದೀನವ್ವಾ, ನೀನು ಕೊಟ್ಟರೆ ತಾನೆ," ಎನ್ನುವುದು. ಮೂರು ದೋಸೆ ತಿಂದಾರೆ ನೋಡ್ರಿ ಎಂದು ನಾನು ನಗುವುದು, ಜನ ನಗುವುದು. ಜನ ನಕ್ಕರೆ ಅತ್ತೆಯೂ ನಗುವರು, ಯಾಕೆ ಎಂದು ತಿಳಿಯದೆ. ಎಲ್ಲರೂ ನಗುತ್ತಿರುವಾಗ ತಾವೊಬ್ಬರೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂಬ ಮರ್ಯಾದೆ ಅವರದು. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ನಾಗರಪಂಚಮಿಗೆ ಎರಡು ದಿನ ಇತ್ತು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಕೈ ತುಂಬ ಬಳೆ ಇಡಿಸಿಕೊಳ್ಳದೆ ಇರುವುದಿಲ್ಲ. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗಿರಣಿ ಅಕ್ಕ ಮಗಳನ್ನು ಕರೆದುಕೊಂಡು ಬಂದಳು. ನಮ್ಮ ಬೀದಿಯ ಕೊನೆಯಲ್ಲಿ ಹಿಟ್ಟಿನ ಗಿರಣಿ ಅವರದು. ಗಂಡ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ. ಬಳೆ ಬೇಕಿದ್ದದ್ದು ಮಗಳಿಗೆ. ಆ ಹುಡುಗಿಯ ಅತ್ತೆಯೂ ಜೊತೆಗಿದ್ದರು, ಸೊಸೆಯನ್ನು ಬಿಡಲು ಬಂದ ದೂರದ ಊರಿನವರು, ಮಡಿ ಮೈಲಿಗೆಯ ಪೈಕಿ. ನಾನು ಹುಡುಗಿಗೆ ಬಣ್ಣ ತೋರಿಸುತ್ತಿದ್ದೆ. ಈ ಕಡೆ ತಿರುಗಿ ನೋಡುತ್ತೇನೆ, ನಮ್ಮ ಅತ್ತೆ ಗಿರಣಿ ಅಕ್ಕನ ಕೈ ಹಿಡಿದುಕೊಂಡು ಹಸಿರು ಬಳೆ ಇಡುತ್ತಿದ್ದಾರೆ!

"ಯಾಕವ್ವಾ, ಕೈ ಬರಿದು ಮಾಡ್ಕಂಡಿದ್ದಿ? ಯಜಮಾನ್ರು ಹೆಂಗವ್ರೆ? ಕೆಮ್ಮು ಕಡಿಮೆ ಆತಾ?"

ಗಿರಣಿಯ ಯಜಮಾನರಿಗೆ ಕೆಮ್ಮು ಇದ್ದದ್ದು ಅತ್ತೆಗೆ ಜ್ವರ ಬರುವ ಮುಂಚೆ. ಸತ್ತದ್ದು ಆಮೇಲೆ. ಕೆಮ್ಮು ಅತ್ತೆಯ ತಲೆಯಲ್ಲಿತ್ತು, ಸಾವು ಇರಲಿಲ್ಲ. ಗಿರಣಿ ಅಕ್ಕ ಕೈ ಕೊಟ್ಟುಕೊಂಡು ಕೂತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವಳ ಬೀಗಿತ್ತಿ, "ಅಯ್ಯಯ್ಯೋ, ಇದೇನ್ರೀ ಇದು ಅಪಶಕುನ! ಹಬ್ಬದ ಹೊತ್ನಾಗೆ ಗಂಡ ಸತ್ತೋಳಿಗೆ ಬಳೆ ಇಡ್ತಾ ಕುಂತೀರಲ್ಲ, ನಿಮ್ಮಂಗಡಿ ಬಳೆ ನಮ್ಮ ಸೊಸೆಗೆ ಬ್ಯಾಡ," ಎಂದು ಎದ್ದರು. ಗಿರಾಕಿಗಳೆಲ್ಲ ಇತ್ತ ತಿರುಗಿದರು.

ನನಗೆ ತಲೆ ಕೆಟ್ಟಿತು. ಬಂದು ಅತ್ತೆಯ ಕೈಯನ್ನು ಹಿಡಿದು ಸೆಳೆದೆ. ಅವರ ಮುಷ್ಟಿಯೊಳಗೆ ಇನ್ನೂ ನಾಲ್ಕೈದು ಬಳೆಗಳಿದ್ದವು. ಬಿಡ್ರಿ ಎಂದರೆ ಬಿಡಲಿಲ್ಲ, ಬಳೆ ಹಿಡಿದ ಕೈ ಸಡಿಲ ಬಿಡುವ ಅಭ್ಯಾಸ ಅವರಿಗಿಲ್ಲ. ನಾನು ಮಣಿಕಟ್ಟು ತಿರುಚಿ, ಆ ಮುಷ್ಟಿಯನ್ನು ಹೊರಗಿನಿಂದ ಹಿಸುಕಿದೆ. ಕುರಿ ಕಾದ ಗಟ್ಟಿ ಕೈ. ಒಳಗೆ ಗಾಜು ಚೂರಾದ ಸದ್ದು ನನಗೆ ಕೇಳಿಸಿತು. ಆಗಲೂ ನಾನು ಬಿಡಲಿಲ್ಲ.

ಅತ್ತೆ ಅಂಗೈ ತೆರೆದು ನೋಡಿದರು. ರಕ್ತ, ಹಸಿರು ಚೂರು. ನೋವಿನಲ್ಲೂ ಬಾಯಿಗೆ ಬಂದದ್ದು ಅದೇ ಹಳೆಯ ಮಾತು. "ಬಳೆ ಹೆಚ್ಚಾದ್ವವ್ವಾ..."

"ಹೆಚ್ಚಾಗಿಲ್ಲ, ಒಡೆದ್ವು! ಒಡೆದ್ವು ಅನ್ರಿ!" ಎಂದು ಕಿರುಚಿದೆ, ಅಷ್ಟು ಜನರ ಮುಂದೆ. "ಯಾರು ಸತ್ತಾರೆ ಯಾರು ಬದುಕ್ಯಾರೆ ಗೊತ್ತಿಲ್ದ ಮ್ಯಾಲೆ ಈ ಕೈ ಯಾಕೆ ಬೇಕು ನಿಮ್ಗೆ?"

ಅವರು ನನ್ನ ಮುಖ ನೋಡುತ್ತ ಇದ್ದರು. ಗದರಿಸಿಕೊಂಡ ಮಗು ನೋಡುತ್ತದಲ್ಲ, ಹಾಗೆ ನೋಡಿದರು.

ಕೈಗೆ ಬಟ್ಟೆ ಸುತ್ತಿದೆ. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಕಾಫಿ ಕೊಟ್ಟೆ. ಲೋಟ ಖಾಲಿಯಾಗುವ ಹೊತ್ತಿಗೆ ಕೈಯ ಬಟ್ಟೆ ನೋಡಿಕೊಂಡು, "ಇದೇನಾತು ನನ್ನ ಕೈಗೆ?" ಎಂದರು.

"ಗಾಜು ತಾಗ್ತು ಅತ್ತೆ."

"ಬಳೆ ಮಾರೋಳ ಕೈಗೆ ಗಾಜು ತಾಗ್ದೆ ಹೂವು ತಾಗ್ತಾವೇನು," ಎಂದು ನಕ್ಕರು.

ಆಗ ನನಗೆ ಏನೆನ್ನಿಸಿತು ಗೊತ್ತೇ? ಸದ್ಯ, ಮರೆತರು ಎನ್ನಿಸಿತು. ಎದೆ ಹಗುರಾಯಿತು. ಕೈ ಹಿಸುಕಿದ್ದಕ್ಕಿಂತ ಆ ಹಗುರಕ್ಕೆ ನಾನು ಹೆಚ್ಚು ನಾಚಬೇಕು. ರಾತ್ರಿ ನಮ್ಮನೆಯವರು ಕೇಳಿದಾಗಲೂ ಗಾಜು ತಾಗಿತೆಂದೇ ಹೇಳಿದೆ. ಸಾಕ್ಷಿ ಹೇಳುವವರೇ ಮರೆತ ಮೇಲೆ ನನಗೇನು ಭಯ?

ಮಾರನೇ ದಿನ ಬಟ್ಟೆ ಬದಲಿಸಲು ಕೈ ಚಾಚಿದೆ. ಅತ್ತೆಯ ಕೈ ಹಿಂದಕ್ಕೆ ಹೋಯಿತು. ಸೆರಗಿನೊಳಗೆ ಸೇರಿಕೊಂಡಿತು. ನನಗಿಂತ ಅವರಿಗೇ ಹೆಚ್ಚು ಗಲಿಬಿಲಿ. "ಅಯ್ಯ, ಇದ್ಯಾಕಿಂಗೆ? ತಗಳವ್ವಾ," ಎಂದು ಬಲವಂತವಾಗಿ ಕೈ ಮುಂದೆ ತಂದರು. ನನ್ನ ಬೆರಳು ತಾಕುವ ಮುಂಚೆ ಅದು ಮತ್ತೆ ಒಳಕ್ಕೆ ಹೋಯಿತು. ನಾನು ಗಾಯದ ಉರಿ ಇರಬೇಕು ಎಂದುಕೊಂಡೆ, ಅಂದರೆ ಹಾಗೆ ನಂಬಲು ನೋಡಿದೆ. ಅದೇ ಬಟ್ಟೆಯನ್ನು ನಮ್ಮನೆಯವರು ಬಂದು ಬಿಚ್ಚಿದರು. ಆ ಕೈ ಮಗನ ತೊಡೆಯ ಮೇಲೆ ಆರಾಮಾಗಿ ಬಿದ್ದಿತ್ತು.

ಗಾಯ ಮಾಯಿತು. ಗಿರಾಕಿಗಳ ಕೈ ಹಿಡಿಯುವುದು, ಬಳೆ ಇಡುವುದು ಎಲ್ಲ ಮೊದಲಿನಂತೆ ನಡೆಯಿತು. ದಾರಿಯಲ್ಲಿ ಹೋಗುವವರು ಚಾಚಿದರೂ ಹಿಡಿಯುವರು. ನನ್ನ ಕೈ ಬಂದರೆ ಮಾತ್ರ ಇಲ್ಲ. ತಲೆ ಬಾಚಲು ಹಿಂದೆ ನಿಂತರೆ ಸುಮ್ಮನಿರುವರು, ಮುಂದೆ ಬಂದರೆ ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದವು. ಬಾಯಿಯಲ್ಲಿ ಮಾತ್ರ ನಾನು ಬಂಗಾರ. ಬಂದವರಿಗೆಲ್ಲ, "ನನ್ನ ಸೊಸೆಯಂಥ ಸೊಸೆ ಜಗಳೂರು ತಾಲ್ಲೂಕಲ್ಲೇ ಇಲ್ಲ," ಎನ್ನುವರು. ಅದು ಕೇಳಿದಾಗಲೆಲ್ಲ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಡಾಕ್ಟರು ಆಡಿದ ಉಳಿದರ್ಧ ಮಾತು ಆಗ ನನ್ನ ತಲೆಗೆ ಇಳಿಯಿತು.

ನಾನು ಮೊದಲು ತಪ್ಪೊಪ್ಪಿಕೊಳ್ಳಲು ಹೋದದ್ದು ಗಿರಣಿ ಅಕ್ಕನ ಹತ್ತಿರ. ಅಷ್ಟು ಜನರ ಮುಂದೆ ಅವಳಿಗೆ ಅವಮಾನವಾಯಿತಲ್ಲ ಎಂದು. ಅವಳು ಜರಡಿ ಬದಿಗಿಟ್ಟು ನನ್ನನ್ನು ನೋಡಿದಳು.

"ನಂಗೆ ಅವಮಾನ ಮಾಡಿದ್ದು ನಿಮ್ಮತ್ತೆ ಅಂದ್ಕಂಡೀಯೇನು? ನಮ್ಮ ಯಜಮಾನ್ರು ಸತ್ತ ಮ್ಯಾಲೆ ಅವರ ಹೆಸರು ನನ್ನ ಮುಂದೆ ಯಾರೂ ಎತ್ತಲ್ಲ. ಕೆಮ್ಮು ಕಡಿಮೆ ಆತಾ ಅಂತ ಒಬ್ರು ಕೇಳಿದ್ರು ನೋಡು, ಆ ಗಳಿಗೆ ನಮ್ಮನೆಯೋರು ಗಿರಣಿಯೊಳಗೆ ಕುಂತಂಗೆ ಇತ್ತು. ಅಳ್ತಿದ್ದೆ, ಹೌದು. ಯಾರೂ ಬಿಡಿಸ್ರಿ ಅಂದಿರ್ಲಿಲ್ಲ ನಿಂಗೆ." ಜರಡಿ ಮತ್ತೆ ಎತ್ತಿಕೊಂಡು, "ಒಂದು ಕೈಗಾದ್ರೂ ಪೂರ್ತಿ ಇಡಾಕೆ ಬಿಡಬಾರದಿತ್ತೇನೆ?" ಎಂದಳು.

ಹೊನ್ನಾಳಿಯ ಆ ಹಿರಿಯಾಕೆಗೂ ನನಗೂ ಏನು ವ್ಯತ್ಯಾಸ ಉಳಿಯಿತು? ನನ್ನ ಕೈ ಬೇಡವೆಂದ ಮನೆಯಿಂದ ನನ್ನನ್ನು ಎಬ್ಬಿಸಿಕೊಂಡು ಬಂದವರು ಅತ್ತೆ. ಅವರ ಕೈಯನ್ನೇ ನಾನು ಅದೇ ಶಕುನದ ಮಾತಿಗೆ ಹೆದರಿ ಹಿಸುಕಿದ್ದೆ. ಬೀದಿಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಬಂದೆ. ಅಂದಿನಿಂದ ಗಿರಣಿ ಅಕ್ಕ ಬಿಡುವಾದಾಗಲೆಲ್ಲ ಬಂದು ಅತ್ತೆಯ ಪಕ್ಕ ಕೂರುತ್ತಿದ್ದಳು, ಕೈಯಲ್ಲಿ ಕೈ ಇಟ್ಟುಕೊಂಡು.

ಆಮೇಲೆ ಅತ್ತೆಗೇ ಹೇಳಿದೆ. ಅವರ ಎದುರು ನೆಲದ ಮೇಲೆ ಕೂತು, "ಅತ್ತೆ, ನಾನು ನಿಮ್ಮ ಕೈ ತಿರುಚಿದ್ದೆ. ಮುಷ್ಟಿಯೊಳಗೆ ಗಾಜು ಒಡೆಯಂಗೆ ಹಿಸುಕಿದ್ದೆ. ತಪ್ಪಾತು," ಎಂದೆ.

ಅತ್ತೆ ಕಣ್ಣರಳಿಸಿದರು. "ಯಾರು ನಿಂಗೆ ಹಂಗಂತ ಹೇಳಿದ್ದು? ನೀನು ಬಾಯಿ ಜೋರು ಅಷ್ಟೇ, ಹಂಗೆಲ್ಲ ಮಾಡೋಳಲ್ಲ."

"ಮಾಡಿದೀನಿ ಅತ್ತೆ."

"ಕನಸು ಬಿದ್ದಿರ್ತೈತೆ ಬಿಡು." ನನ್ನ ಕೆನ್ನೆ ಒರೆಸಲು ಕೈ ಎತ್ತಿದರು. ಅರ್ಧಕ್ಕೆ ಬಂದ ಕೈ ಅಲ್ಲೇ ನಿಂತು ವಾಪಸ್ಸು ಮಡಿಲಿಗೆ ಹೋಯಿತು. ಅದನ್ನು ನೋಡಿಕೊಂಡು ಅತ್ತೆಯ ಮುಖ ಕೆಂಪಾಯಿತು. "ತಪ್ಪು ತಿಳ್ಕಾಬ್ಯಾಡವ್ವಾ, ನನ್ನ ಕೈಗೇನು ಬಂದೈತೋ," ಎಂದು ಅವರೇ ನನ್ನ ಕ್ಷಮೆ ಕೇಳಿದರು.

ಬೇರೆ ಬೇರೆ ದಿನ ಮತ್ತೆ ಮತ್ತೆ ಹೇಳಿ ನೋಡಿದೆ. ಪ್ರತಿ ಸಲ ಅವರಿಗೆ ಅದು ಹೊಸ ಸುದ್ದಿ. ಪ್ರತಿ ಸಲ ನನ್ನ ಪರವಾಗಿ ನನ್ನ ಹತ್ತಿರವೇ ಜಗಳ ಆಡಿದರು, ನೀನು ಹಂಗೆ ಮಾಡೋಳಲ್ಲ ಎಂದು. ಅವರು ಒಪ್ಪಿದ್ದರೆ ಕ್ಷಮಿಸುತ್ತಿದ್ದರು, ನನಗೆ ಗೊತ್ತು. ಒಪ್ಪಲು ಅವರಿಗೆ ನೆನಪೇ ಇರಲಿಲ್ಲ. ನೆನಪಿದ್ದದ್ದು ಕೈಗೆ, ಅದಕ್ಕೆ ಮಾತು ತಿಳಿಯುತ್ತಿರಲಿಲ್ಲ. ಕೊನೆಗೆ ಹೇಳುವುದನ್ನು ನಿಲ್ಲಿಸಿದೆ. ಹೇಳಿ ನನ್ನ ಭಾರ ಇಳಿಸಿಕೊಳ್ಳಲು ಅವರ ಮುಖವನ್ನು ಯಾಕೆ ಮತ್ತೆ ಮತ್ತೆ ಕೆಂಪು ಮಾಡಿಸಲಿ?

ಅವರ ಕಣ್ಣಿನ ಪೊರೆ ತೆಗೆಸಿದ ಮೇಲೆ ದಿನಾ ಹನಿ ಹಾಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಸಿ ಕೂರಿಸಬೇಕಾಗಿತ್ತು. ಒಂದು ಬೆಳಿಗ್ಗೆ ನಮ್ಮನೆಯವರು ಹನಿ ಹಾಕಿ ಹೊರಗೆ ಹೋದರು. ಏನು ಹುಚ್ಚೋ, ನಾನು ಬಳೆ ಸದ್ದಾಗದ ಹಾಗೆ ಮೇಲಕ್ಕೇರಿಸಿಕೊಂಡು, ಎದುರು ಕೂತು, ನನ್ನ ಕೈಯನ್ನು ಅವರ ಕೈಮೇಲಿಟ್ಟೆ.

ಕೈ ಹಿಂದಕ್ಕೆ ಹೋಗಲಿಲ್ಲ. ತಿರುಗಿ ನನ್ನ ಕೈಯನ್ನು ಹಿಡಿಯಿತು. ಆ ಡೊಂಕು ಹೆಬ್ಬೆರಳು ಗೆಣ್ಣಿನ ಮೇಲೆ ಬಂದು ಕೂತಿತು.

"ಎರಡಾರು. ಗಟ್ಟಿ ಕೈ. ಯಾರವ್ವಾ ನೀನು?"

ನಾನು ಉಸಿರು ಬಿಡಲಿಲ್ಲ. ದನಿ ತೆಗೆದರೆ ಕೈ ಹೋಗುತ್ತದೆ.

"ಮಾತಾಡವ್ವಾ. ಕೈ ನಂಗೆ ಕೊಟ್ಟೀಯ, ಬಾಯಿ ಯಾರಿಗೆ ಕೊಟ್ಟಿ?" ಎಂದು ನಕ್ಕರು. ಎಷ್ಟು ಕಾಲವಾಗಿತ್ತು ಆ ಬೆಣ್ಣೆಯಂಥ ಅಂಗೈ ನನ್ನನ್ನು ಮುಟ್ಟಿ! ಅದರ ನಡುವೆ ಗಾಯದ ಉಬ್ಬು ಗೆರೆ ನನ್ನ ಬೆರಳಿಗೆ ಸಿಗುತ್ತಿತ್ತು. ಬೇರೆಯವರಿಗೆ ಕೊಡುವ ಪ್ರೀತಿಯನ್ನು ಕದ್ದುಕೊಂಡು ಕೂತಿದ್ದೇನೆ ಅನ್ನಿಸಿತು, ಆದರೂ ಬಿಡಲಾಗಲಿಲ್ಲ. ಅಷ್ಟರಲ್ಲಿ ಅವರು ಕಣ್ಣು ಬಿಟ್ಟರು. ನನ್ನನ್ನು ಕಂಡು ಬಾಯಿ ತುಂಬ, "ಓ, ನೀನೇನವ್ವಾ!" ಎಂದರು. ಬಾಯಿ ಹಾಗೆ ಎನ್ನುತ್ತಿರುವಾಗಲೇ ಕೈ ಕಳ್ಳನ ಹಾಗೆ ಜಾರಿಕೊಂಡಿತು.

ಈ ವರ್ಷದ ಚಳಿಗೆ ಅವರಿಗೆ ಕಫ ಕಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಿ ಎಂದರು. ಪಡಸಾಲೆಯಲ್ಲಿ, ಬಿಸಿಲು ಬೀಳುವ ಕಡೆ ಹಾಸಿಗೆ ಹಾಕಿದ್ದೆವು. ಆ ದಿನ ಬೆಳಿಗ್ಗೆ ನಮ್ಮನೆಯವರು ಔಷಧಿ ತರಲು ಹೋಗಿದ್ದರು. ನಾನು ಎರಡು ಚಮಚ ಗಂಜಿ ಕುಡಿಸಿ, ಬಾಯಿ ಒರೆಸುವಾಗ ಮರೆತು ಅವರ ಕೈ ಹಿಡಿದೆ. ಅಷ್ಟು ನಿತ್ರಾಣದಲ್ಲೂ ಕೈ ಹೊದಿಕೆಯೊಳಗೆ ಹೋಯಿತು. ಅತ್ತೆ ನನ್ನನ್ನು ನೋಡಿದರು. ಏನೋ ಹೇಳಲು ಹೋದರು, ಕೆಮ್ಮು ಬಂತು. ಕಣ್ಣು ಮುಚ್ಚಿಕೊಂಡರು.

ನಾನು ಗಂಜಿ ಬಟ್ಟಲು ಒಳಗಿಟ್ಟು, ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತೆ. ಹೊದಿಕೆಯ ಅಂಚಿಗೆ ಬಂದಿದ್ದ ಆ ಕೈಯೊಳಗೆ ಮೆಲ್ಲಗೆ ನನ್ನ ಕೈ ಇಟ್ಟೆ. ಬೆರಳುಗಳು ಮುಚ್ಚಿಕೊಂಡವು.

"ಯಾರು? ಗಿರಣಿಯೋಳಾ?" ಎಂದರು, ಕಣ್ಣು ತೆರೆಯದೆ. ದನಿ ಕೆಳಗಿಳಿದಿತ್ತು. "ಒಳ್ಳೇದಾತು ಬಂದೆ. ನಮ್ಮ ಸೊಸೆ ಎಲ್ಲಿ ಹೋದ್ಲು ನೋಡವ್ವಾ. ಈಗಿನ್ನ ಅವಳ ಮುಂದೆ ಕೈ ಎಳ್ಕಂಡ್ಬಿಟ್ಟೆ. ಯಾಕಂತ ನಂಗೇ ಗೊತ್ತಿಲ್ಲ. ಏನಂದ್ಕಂಡ್ಲೋ ಏನೋ. ಕರಿ ಅವಳನ್ನ. ನೀನಿಂಗೆ ಹಿಡ್ಕಂಡಿದ್ರೆ ಇದು ಸುಮ್ನಿರ್ತೈತೆ. ಒಂದ್ಸಾರಿ ಅವಳ ಕೈ ಹಿಡೀಬೇಕು."

"ನಾನೇ, ಅತ್ತೆ, ಇದೇ ನನ್ನ ಕೈ," ಎಂದು ಗಂಟಲ ತನಕ ಬಂತು. ಅಂದರೆ ಕೈ ಹೋಗುತ್ತದೆ. ಅನ್ನದಿದ್ದರೆ ಅವರು ಕಾಯುತ್ತಲೇ ಇರುತ್ತಾರೆ. ಕಂಡವರ ಮುಂದೆಲ್ಲ ಬಾಯಿ ಬಿಡುವ ನಾನು, ಬಾಯಿ ಬಿಡಬೇಕಾದ ಆ ಹೊತ್ತಿನಲ್ಲಿ ಹಲ್ಲು ಕಚ್ಚಿಕೊಂಡು ಕೂತೆ. ಕೈ ಬಿಡುವ ಧೈರ್ಯ ನನಗಿರಲಿಲ್ಲ.

"ಬಂದ್ಲಾ?" ಎಂದರು. ಹೆಬ್ಬೆರಳು ನನ್ನ ಗೆಣ್ಣನ್ನು ಒಮ್ಮೆ ಅದುಮಿತು. ಸ್ವಲ್ಪ ಹೊತ್ತಿಗೆ ಮತ್ತೆ, "ಬಂದ್ಲೇನವ್ವಾ?" ಎಂದರು. ಅದಾದ ಮೇಲೆ ಮಾತು ಬರಲಿಲ್ಲ, ಉಸಿರು ಮಾತ್ರ ಇತ್ತು. ಆಮೇಲೆ ಅದೂ ನಿಂತಿತು.

ನಮ್ಮನೆಯವರು ಔಷಧಿ ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತರು. ನಮ್ಮಿಬ್ಬರ ಕೈ ನೋಡಿ, ಬಿಕ್ಕುತ್ತ, "ಕೊನೆಗೂ ನಿನ್ನ ಕೈ ಹಿಡಿದ್ಲು ನೋಡೇ ನಮ್ಮವ್ವ," ಎಂದರು. ಮಣ್ಣಿಗೆ ಬಂದವರೂ ಅದನ್ನೇ ಹೇಳಿ ನನ್ನನ್ನು ಸಮಾಧಾನ ಮಾಡಿದರು. ಊರಲ್ಲಿ ಈಗಲೂ ಹಾಗೇ ಹೇಳುತ್ತಾರೆ. ನನ್ನ ಕೈ ಹಿಡಿದುಕೊಂಡೇ ಅವರು ನನ್ನ ದಾರಿ ಕಾಯುತ್ತಿದ್ದರು ಎಂದು ನಾನು ಯಾರಿಗೂ ಹೇಳಿಲ್ಲ.